ಉಟ್ಟಿದ್ದೇ ಮರೆತುಹೋಗುವಂಥ ಬಟ್ಟೆ

ಪ್ರಶ್ನೆ: ನನಗೆ 38 ವರ್ಷ. ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಎರಡನೆಯ ಹೆರಿಗೆಯ ನಂತರ, ಥೈರಾಯ್ಡ್ ತೊಂದರೆಯೂ ಸೇರಿಕೊಂಡು, ಮೈ ತುಂಬಿಕೊಂಡಿದೆ. ಬೀರುವಿನ ಅರ್ಧದಷ್ಟು ‘ಸಣ್ಣಗಾದ ಮೇಲೆ ಹಾಕಿಕೊಳ್ಳೋಣ’ ಎಂದು ಎತ್ತಿಟ್ಟ ಬಟ್ಟೆಗಳಿವೆ. ಉಳಿದರ್ಧ ಕಪ್ಪು ಮತ್ತು ಕಡುನೀಲಿ ಬಣ್ಣದ ದೊಗಳೆ ಕುರ್ತಾಗಳು. ನನ್ನ ಮೈಬಣ್ಣ ಕಪ್ಪಾದ್ದರಿಂದ ಎದ್ದುಕಾಣುವ ಬಣ್ಣ ಒಪ್ಪುವುದಿಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಾರೆ. ಬೋರ್ಡಿನ ಮೇಲೆ ಬಲಗೈ ಲೆಕ್ಕ ಬರೆಯುತ್ತಿದ್ದರೆ ಎಡಗೈ ಕುರ್ತಾ ಕೆಳಗೆಳೆದುಕೊಳ್ಳುತ್ತಲೇ ಇರುತ್ತದೆ. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎನ್ನುವುದು ಅಮ್ಮನ ಮಾತು. ನನ್ನದೇ ಎನ್ನಬಹುದಾದ ಉಡುಪಿನ ರೀತಿಯೊಂದನ್ನು ಕಂಡುಕೊಂಡು, ಇರುವ ಮೈಯೊಂದಿಗೆ ನೆಮ್ಮದಿಯಿಂದ ಇರುವುದು ಹೇಗೆ?

ಉತ್ತರ: ಬಲಗೈ ಲೆಕ್ಕ ಬರೆಯುತ್ತಿದ್ದರೆ ಎಡಗೈ ಕುರ್ತಾ ಎಳೆದುಕೊಳ್ಳುತ್ತಿರುತ್ತದೆ ಎಂಬ ನಿಮ್ಮ ಸಾಲನ್ನು ನಾನು ಎರಡು ಬಾರಿ ಓದಿದೆ. ಧಾರವಾಡದಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಹೊಲಿಗೆಯನ್ನೂ ಉಡುಪು ವಿನ್ಯಾಸವನ್ನೂ ಕಲಿಸುತ್ತ, ಜೊತೆಗೇ ಮನೆಯ ಮುಂಗೋಣೆಯಲ್ಲಿ ಹೆಂಗಸರ ಬಟ್ಟೆ ಕತ್ತರಿಸುತ್ತ ಬಂದಿರುವ ನನಗೆ, ನಿಮ್ಮ ಪ್ರಶ್ನೆಯ ಉತ್ತರ ಆ ಎಡಗೈಯಿಂದಲೇ ಶುರುವಾಗಬೇಕು ಎನ್ನಿಸಿತು. ಕನ್ನಡಿಯ ಮುಂದೆ ನಿಂತು ‘ನಾನು ಚೆನ್ನಾಗಿದ್ದೇನೆ’ ಎಂದು ಮನಸ್ಸಿಗೆ ಹೇಳಿಕೊಳ್ಳುವುದರಿಂದ ತಮ್ಮ ಮೈಯನ್ನು ಒಪ್ಪಿಕೊಂಡವರನ್ನು ನಾನು ಕಂಡದ್ದು ಕಡಿಮೆ. ದಿನದಲ್ಲಿ ಹೆಚ್ಚು ಹೊತ್ತು ತಮ್ಮ ಮೈಯನ್ನು ಹೊರಗಿನಿಂದ ನೋಡಿಕೊಳ್ಳದೆ ಕಳೆಯಲು ಸಾಧ್ಯವಾದವರಿಗೆ ಮಾತ್ರ ಆ ನೆಮ್ಮದಿ ಮೆಲ್ಲಮೆಲ್ಲನೆ ಬಂದದ್ದನ್ನು ಕಂಡಿದ್ದೇನೆ. ಆದ್ದರಿಂದ ನಾನು ಒಳ್ಳೆಯ ಉಡುಪಿಗೆ ಇಟ್ಟುಕೊಂಡಿರುವ ಪರೀಕ್ಷೆ ಒಂದೇ: ಉಟ್ಟ ಕಾಲು ಗಂಟೆಯೊಳಗೆ ಅದು ಮೈಮೇಲಿದೆ ಎಂಬುದು ನಿಮಗೆ ಮರೆತುಹೋಗಬೇಕು.

ಇದು ನನ್ನ ಅನುಭವ ಮಾತ್ರವಲ್ಲ. ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟೋಮಿ-ಆನ್ ರಾಬರ್ಟ್ಸ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆಯರು, ಹೆಣ್ಣು ಸದಾ ಇತರರ ನೋಟಕ್ಕೆ ಒಳಗಾಗುತ್ತ ಕೊನೆಗೆ ತನ್ನನ್ನು ತಾನೇ ಆ ನೋಟದಿಂದ ಕಾಯುತ್ತಿರುವ ಅಭ್ಯಾಸಕ್ಕೆ ಬೀಳುತ್ತಾಳೆ, ಆ ಕಾವಲಿಗೆ ಅವಳ ಮನಸ್ಸಿನ ಒಂದು ಪಾಲು ಖರ್ಚಾಗುತ್ತಲೇ ಇರುತ್ತದೆ ಎಂದು 1997ರಲ್ಲಿ ವಾದಿಸಿದರು. ಮರುವರ್ಷ ಪ್ರಕಟವಾದ ಪ್ರಯೋಗವೊಂದರಲ್ಲಿ ಕಾಲೇಜು ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಈಜುಡುಗೆಯನ್ನೂ ಕೆಲವರಿಗೆ ಸ್ವೆಟರನ್ನೂ ತೊಡಿಸಿ, ಕನ್ನಡಿಯಿರುವ ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕೂರಿಸಿ, ಗಣಿತದ ಪರೀಕ್ಷೆ ಕೊಟ್ಟರು. ಈಜುಡುಗೆಯಲ್ಲಿದ್ದ ಹುಡುಗಿಯರ ಅಂಕ ಸ್ವೆಟರ್ ತೊಟ್ಟ ಹುಡುಗಿಯರಿಗಿಂತ ಕಡಿಮೆ ಬಂತು. ಹುಡುಗರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಆ ಕೋಣೆಯಲ್ಲಿ ಅವರನ್ನು ನೋಡುವವರು ಬೇರೆ ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ. ಗಣಿತದ ಶಿಕ್ಷಕಿಯಾದ ನಿಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುರ್ತಾದ ಅಂಚಿನ ಮೇಲಿರುವ ಎಡಗೈ ನಿಮ್ಮ ಪಾಠದ ಗಮನದಲ್ಲಿಯೂ ಪಾಲು ಕೇಳುತ್ತಿದೆ.

ಇನ್ನು ಇತರರ ನೋಟದ ವಿಷಯ. ಅಮ್ಮ ಹೇಳುವ ಗಾದೆಯನ್ನು ನಾನು ಸುಳ್ಳೆನ್ನುವುದಿಲ್ಲ. ಸಾವಿನ ಮನೆಗೆ ಹೋಗುವಾಗ, ಮದುವೆಗೆ ಹೋಗುವಾಗ, ಶಾಲೆಯ ಮೆಟ್ಟಿಲು ಹತ್ತುವಾಗ ಅಲ್ಲಿಯ ರೀತಿಗೆ ಒಗ್ಗುವಂತೆ ಉಡುವುದು ಇತರರಿಗೆ ತೋರಿಸುವ ಗೌರವ, ಅದು ಇರಬೇಕಾದದ್ದೇ. ಆದರೆ ಗಾದೆಯಲ್ಲಿರುವ ‘ಪರರು’ ಯಾರು ಎಂಬುದನ್ನು ನಿರ್ಧರಿಸುವ ಹಕ್ಕು ನಿಮ್ಮದು. ನಿಮ್ಮ ಮುಂದೆ ಕುಳಿತ ಮಕ್ಕಳಿಗೆ ಬೇಕಾದದ್ದು ಕೈಯೆತ್ತಿ ಬೋರ್ಡಿನ ಮೇಲಂಚಿನವರೆಗೆ ಬರೆಯಬಲ್ಲ, ಬೆಂಚುಗಳ ನಡುವೆ ಸಲೀಸಾಗಿ ಓಡಾಡಬಲ್ಲ ಟೀಚರು. ಸ್ಟಾಫ್ ರೂಮಿನ ಇಬ್ಬರು ಏನೆನ್ನುತ್ತಾರೆ ಎಂಬುದು ಆ ಮಕ್ಕಳ ನೋಟಕ್ಕಿಂತ ದೊಡ್ಡದಾಗಬೇಕಿಲ್ಲ. ಅದೂ ಅಲ್ಲದೆ ನಮ್ಮನ್ನು ನೋಡುವವರ ಸಂಖ್ಯೆಯನ್ನು ನಾವು ಯಾವಾಗಲೂ ಹೆಚ್ಚಾಗಿಯೇ ಎಣಿಸುತ್ತೇವೆ. ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹಾಕಿಕೊಳ್ಳಲು ಮುಜುಗರವಾಗುವಂಥ ಚಿತ್ರವಿದ್ದ ಟೀ ಶರ್ಟು ತೊಡಿಸಿ ವಿದ್ಯಾರ್ಥಿಗಳನ್ನು ಸಹಪಾಠಿಗಳಿದ್ದ ಕೋಣೆಗೆ ಕಳಿಸಿದರು. ಸುಮಾರು ಅರ್ಧದಷ್ಟು ಜನ ಅದನ್ನು ಗುರುತಿಸಿರಬೇಕು ಎಂದು ತೊಟ್ಟವರು ಅಂದಾಜಿಸಿದರು. ನಿಜವಾಗಿ ಗುರುತಿಸಿದವರು ಕಾಲು ಭಾಗದಷ್ಟು.

ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ‘ಇಂಥ ಬಟ್ಟೆ ತೊಟ್ಟರೆ ಆತ್ಮವಿಶ್ವಾಸ ತಾನಾಗಿ ಬರುತ್ತದೆ’ ಎಂಬ ಮಾತನ್ನು ನೀವು ಬಹಳ ಕೇಳಿರುತ್ತೀರಿ. ವೈದ್ಯರ ಬಿಳಿ ಕೋಟು ತೊಟ್ಟವರ ಗಮನಶಕ್ತಿ ಹೆಚ್ಚಿತು ಎಂದು 2012ರಲ್ಲಿ ಬಂದ ಅಧ್ಯಯನವನ್ನು ಇದಕ್ಕೆ ಆಧಾರವಾಗಿ ತೋರಿಸುತ್ತಾರೆ. ಆದರೆ ಅದರ ಒಂದು ಪ್ರಯೋಗವನ್ನು 2019ರಲ್ಲಿ ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದಾಗ ಅದೇ ಫಲ ಸಿಗಲಿಲ್ಲ. ಬಟ್ಟೆ ನಿಮ್ಮೊಳಗೆ ಇಲ್ಲದ ಧೈರ್ಯವನ್ನು ತುಂಬುತ್ತದೆ ಎಂದು ನಾನು ಭರವಸೆ ಕೊಡಲಾರೆ. ಇರುವ ಧೈರ್ಯವನ್ನು ಗಳಿಗೆ ಗಳಿಗೆಗೂ ಕಿತ್ತುಕೊಳ್ಳದಂಥ ಬಟ್ಟೆಯನ್ನು ಹೊಲಿಸಿಕೊಳ್ಳಲು ಮಾತ್ರ ಖಂಡಿತ ಸಾಧ್ಯ.

ಮೈ ಒಪ್ಪಿಕೊಳ್ಳುವುದಕ್ಕೆ ಮೊದಲು ಮೈಯ ಅಳತೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ, ಮತ್ತು ಅನೇಕ ಹೆಂಗಸರು ಎಡವುವುದು ಅಲ್ಲಿಯೇ. ನನಗೆ ಹದಿನಾರು ವರ್ಷವಿದ್ದಾಗ ನಮ್ಮೂರಿನ ಟೇಲರೊಬ್ಬರು ನನ್ನ ಎದೆಯ ಅಳತೆಯನ್ನು ಅಂಗಡಿಯಲ್ಲಿದ್ದ ಎಲ್ಲರಿಗೂ ಕೇಳುವಂತೆ ಕೂಗಿ ಹುಡುಗನಿಂದ ಬರೆಸಿದರು, ಅದರ ಮೇಲೊಂದು ಮಾತನ್ನೂ ಸೇರಿಸಿದರು. ಆಮೇಲೆ ಎಷ್ಟೋ ವರ್ಷ ನಾನು ವೇಲನ್ನು ಎರಡೂ ಹೆಗಲಿಗೆ ಪಿನ್ನು ಹಾಕದೆ ಮನೆಯಿಂದ ಹೊರಡಲಿಲ್ಲ. ನಾನು ಈ ಕಸುಬಿಗೆ ಬಂದ ಮೇಲೆ ಇಟ್ಟುಕೊಂಡ ಮೊದಲ ನಿಯಮ, ಅಳತೆಯನ್ನು ಬಾಯಿಂದ ಹೇಳದೆ ನಾನೇ ಬರೆದುಕೊಳ್ಳುವುದು. ನನ್ನ ವಿದ್ಯಾರ್ಥಿನಿಯರಿಗೂ ಟೇಪು ಹಿಡಿಯುವುದನ್ನು ಕಲಿಸುವ ದಿನವೇ ಇದನ್ನು ಕಲಿಸುತ್ತೇನೆ. ನಿಮ್ಮ ಟೇಲರಿಗೂ ನೀವು ಇದನ್ನು ನೇರವಾಗಿ ಕೇಳಬಹುದು. ಇಲ್ಲವೇ ಮನೆಯಲ್ಲಿ ಗೆಳತಿಯ ಕೈಯಲ್ಲಿ ಅಳತೆ ತೆಗೆಸಿ ಚೀಟಿಯಲ್ಲಿ ಬರೆದು ಕೊಡಬಹುದು.

ಅಳತೆಯ ಮುಜುಗರವನ್ನು ತಪ್ಪಿಸಿಕೊಳ್ಳಲು ನಮ್ಮಲ್ಲಿ ಬಳಕೆಯಲ್ಲಿರುವ ಇನ್ನೊಂದು ದಾರಿಯಿದೆ: ಅಳತೆ ಬ್ಲೌಸು. ಹತ್ತು ವರ್ಷದ ಹಿಂದೆ ಚೆನ್ನಾಗಿ ಕೂತಿದ್ದ ಬ್ಲೌಸನ್ನೇ ಒಯ್ದು ಕೊಟ್ಟು, ‘ಇದರ ಅಳತೆಗೇ ಹೊಲಿಯಿರಿ, ಸ್ವಲ್ಪ ಸಡಿಲ ಮಾಡಿ’ ಎನ್ನುತ್ತೇವೆ. ಹಾಗೆ ಹೇಳಿದಾಗ ಕಟಿಂಗ್ ಮಾಸ್ಟರು ಎರಡು ಬದಿಯಲ್ಲಿ ಅಷ್ಟಷ್ಟು ಅಗಲ ಮಾಡುತ್ತಾರೆ, ಆದರೆ ಹೆಗಲು, ಕಂಕುಳು, ಎದೆಯ ಟಕ್ಕಿನ ಜಾಗ ಎಲ್ಲವೂ ಹತ್ತು ವರ್ಷದ ಹಿಂದಿನ ಮೈಯದೇ ಆಗಿ ಉಳಿಯುತ್ತವೆ. ಹೊಸ ಬ್ಲೌಸು ಎಲ್ಲೋ ಹಿಡಿಯುತ್ತದೆ, ಎಲ್ಲೋ ಸುಕ್ಕುಗಟ್ಟುತ್ತದೆ, ತಪ್ಪು ಮಾತ್ರ ಮೈಯ ಮೇಲೆ ಬರುತ್ತದೆ. ನಿಮ್ಮ ಬೀರುವಿನಲ್ಲಿ ಅಂಥ ಅಳತೆ ಬಟ್ಟೆಯಿದ್ದರೆ ಅದನ್ನು ಮಡಿಸಿ ಪಕ್ಕಕ್ಕಿಟ್ಟು, ಈ ತಿಂಗಳು ಹೊಸದಾಗಿ ಅಳತೆ ಕೊಡಿ. ಬರೀ ಎದೆ, ಸೊಂಟ, ಸೀಟು (ಅಂದರೆ ಪೃಷ್ಠದ ಸುತ್ತಳತೆ) ಸಾಲದು. ತೋಳಿನ ಮೇಲ್ಭಾಗದ ಸುತ್ತಳತೆ, ಹೆಗಲಿನಿಂದ ಎದೆಯ ತುದಿಯವರೆಗಿನ ಉದ್ದ, ಬೆನ್ನಿನ ಅಗಲ ಇವನ್ನೂ ತೆಗೆಸಿ. ಸೀಟಿನ ಅಳತೆಯನ್ನು ನಿಂತು ಒಮ್ಮೆ, ಕುಳಿತು ಒಮ್ಮೆ ತೆಗೆಯಬೇಕು. ಕುಳಿತಾಗ ಅದು ಒಂದೆರಡು ಇಂಚು ಹೆಚ್ಚುವುದು ಸಹಜ, ಮತ್ತು ದಿನದ ಬಹುಪಾಲು ಕುಳಿತೇ ಕಳೆಯುವವರ ಬಟ್ಟೆಯನ್ನು ಬರೀ ನಿಂತ ಅಳತೆಗೆ ಹೊಲಿಯುವುದು ಮೊದಲಿನಿಂದಲೂ ನನಗೆ ಸರಿ ಕಂಡಿಲ್ಲ.

ಮೈ ಬದಲಾಗುತ್ತದೆ ಎಂಬುದು ನಮ್ಮ ಹಿಂದಿನವರಿಗೆ ಹೊಸ ಸಂಗತಿಯಾಗಿರಲಿಲ್ಲ, ಅವರ ಬಟ್ಟೆಯೇ ಅದನ್ನು ಹೇಳುತ್ತದೆ. ಉತ್ತರ ಕರ್ನಾಟಕದ ಅಜ್ಜಿಯರು ತೊಡುತ್ತಿದ್ದ ಗುಳೇದಗುಡ್ಡದ ಖಣದ ಕುಪ್ಪಸಕ್ಕೆ ಮುಂದೆ ಗಂಟು ಇರುತ್ತಿತ್ತು. ಬಸುರಿನಲ್ಲಿ, ಬಾಣಂತನದಲ್ಲಿ, ವಯಸ್ಸಾದ ಮೇಲೆ ಅದೇ ಗಂಟು ಬೇಕಾದಷ್ಟು ಬಿಗಿಯಾಗುತ್ತಿತ್ತು, ಸಡಿಲವಾಗುತ್ತಿತ್ತು. ಸೀರೆಗಂತೂ ಸೈಜೇ ಇಲ್ಲ. ಅಜ್ಜಿಯ ಇಳಕಲ್ ಸೀರೆಯನ್ನು ಮೊಮ್ಮಗಳು ಉಡುವಾಗ ನಿರಿಗೆಯ ಸಂಖ್ಯೆ ಹೆಚ್ಚು ಕಡಿಮೆಯಾಗುತ್ತದೆಯೇ ಹೊರತು ಸೀರೆ ಯಾರನ್ನೂ ಬೇಡವೆನ್ನುವುದಿಲ್ಲ. ಹೊಲದಲ್ಲಿ ದುಡಿಯುವವರು ಅದನ್ನೇ ಕಚ್ಚೆ ಹಾಕಿ ಉಟ್ಟರು, ಕೊಡಗಿನವರು ನಿರಿಗೆಯನ್ನು ಬೆನ್ನ ಹಿಂದಕ್ಕೆ ಒಯ್ದರು. ಬ್ಲೌಸು ಬಂದ ಮೇಲೂ ಒಳ್ಳೆಯ ಸಿಂಪಿಗರು ಬದಿಯ ಹೊಲಿಗೆಯ ಒಳಗೆ ಒಂದೂವರೆ ಇಂಚಿನಷ್ಟು ಬಟ್ಟೆ ಬಿಟ್ಟು, ಎರಡು ಮೂರು ಸಾಲು ಹೊಲಿಗೆ ಹಾಕಿಕೊಡುತ್ತಿದ್ದರು. ನನ್ನ ತಾಯಿಯ ಒಂದು ರೇಷ್ಮೆ ಬ್ಲೌಸು ನನ್ನ ಬಳಿ ಇದೆ. ಒಳಗನ್ನು ತಿರುಗಿಸಿ ನೋಡಿದರೆ ಬಿಚ್ಚಿದ ಹೊಲಿಗೆಯ ತೂತಿನ ಸಾಲುಗಳು ಎರಡು ಕಾಣುತ್ತವೆ, ಮೂರನೆಯ ಸಾಲು ಇನ್ನೂ ಗಟ್ಟಿಯಾಗಿದೆ, ಒಳಬಿಟ್ಟ ಬಟ್ಟೆ ಹೊರಗಿನದಕ್ಕಿಂತ ಗಾಢ ಬಣ್ಣದಲ್ಲಿ ಹೊಸದರಂತೆ ಉಳಿದಿದೆ. ಅಮ್ಮ ಒಂದೊಂದು ಹೊಲಿಗೆ ಬಿಚ್ಚುವಾಗಲೂ ಅದನ್ನು ಸೋಲೆಂದು ತಿಳಿದದ್ದನ್ನು ನಾನು ನೋಡಲಿಲ್ಲ. ಆ ಕೆಲಸ ಅಕ್ಕಿ ಆರಿಸುವಷ್ಟೇ ಸಹಜವಾಗಿ ಮಧ್ಯಾಹ್ನದ ಬಿಡುವಿನಲ್ಲಿ ಮುಗಿಯುತ್ತಿತ್ತು.

ನಮಗೆ ಆ ನಿರಾಳ ತಪ್ಪಿದ್ದರಲ್ಲಿ ಸಿದ್ಧ ಉಡುಪಿನ ಸೈಜು ಪಟ್ಟಿಗಳ ಪಾತ್ರ ದೊಡ್ಡದು. ಒಂದು ಅಂಗಡಿಯ ‘ಎಲ್’ ಇನ್ನೊಂದು ಅಂಗಡಿಯ ‘ಎಕ್ಸ್‌ಎಲ್’ ಆಗುವುದನ್ನು ನೀವೇ ಕಂಡಿರುತ್ತೀರಿ. ನಮ್ಮಲ್ಲಿ ಬಹುಕಾಲ ನಡೆದದ್ದು ಇಂಗ್ಲೆಂಡು, ಅಮೆರಿಕಗಳ ಪಟ್ಟಿಗಳನ್ನು ಅಷ್ಟಿಷ್ಟು ತಿದ್ದಿಕೊಂಡು. ಭಾರತೀಯರ ಮೈಕಟ್ಟಿಗೇ ತಕ್ಕ ಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಆರು ನಗರಗಳಲ್ಲಿ ಸುಮಾರು 25,000 ಜನರನ್ನು ಸ್ಕ್ಯಾನರಿನಿಂದ ಅಳೆಯುವ ಯೋಜನೆ ಕೈಗೊಂಡದ್ದು ಈಚಿನ ವರ್ಷಗಳಲ್ಲಷ್ಟೇ. ಹೀಗಿರುವಾಗ ಕುತ್ತಿಗೆಯ ಬಳಿಯ ಲೇಬಲ್ಲಿನ ಮೇಲಿನ ಅಕ್ಷರವನ್ನು ನಿಮ್ಮ ಮೈಯ ಬಗೆಗಿನ ತೀರ್ಪೆಂದು ಓದಿಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ. ಆ ಲೇಬಲ್ಲು ಚುಚ್ಚುತ್ತಿದ್ದರೆ ಕತ್ತರಿಸಿ ತೆಗೆಯಿರಿ.

ಈಗ ನಿಮ್ಮ ಕೆಲಸಕ್ಕೆ ಬರೋಣ. ಮೂರು ವಾರಗಳ ಕಾಲ ಹೊಸ ಬಟ್ಟೆ ಕೊಳ್ಳಬೇಡಿ, ಇರುವುದನ್ನು ಬಿಸಾಡಲೂ ಬೇಡಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಪ್ರತಿ ಸಂಜೆ ಮೂರು ವಿಷಯ ಬರೆಯಿರಿ: ಆ ದಿನ ಏನು ತೊಟ್ಟಿದ್ದೆ, ಅದನ್ನು ಸರಿಪಡಿಸಲು ಕೈ ಎಲ್ಲೆಲ್ಲಿಗೆ ಹೋಯಿತು, ಯಾವ ಹೊತ್ತಿನಲ್ಲಿ ಅದು ಮರೆತುಹೋಗಿತ್ತು. ಚೆನ್ನಾಗಿ ಕಾಣುತ್ತಿದ್ದೆನೇ ಎಂಬ ಪ್ರಶ್ನೆಯನ್ನು ಆ ಪುಸ್ತಕದಲ್ಲಿ ಬರೆಯಲೇಬೇಡಿ. ಕೆಲವು ವರ್ಷಗಳ ಹಿಂದೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ಫೈಲನ್ನು ಯಾವಾಗಲೂ ಎದೆಗವಚಿಕೊಂಡೇ ನಡೆಯುವವಳು, ಹೀಗೆ ಬರೆದುಕೊಂಡು ಬಂದಳು. ತನಗೆ ಅಗಲ ಕುತ್ತಿಗೆಯೇ ಒಪ್ಪುತ್ತದೆ ಎಂದು ಅವಳು ನಂಬಿದ್ದಳು, ಯಾಕೆಂದರೆ ಮದುವೆಯ ಹೊಸದರಲ್ಲಿ ಯಾರೋ ಹಾಗೆಂದಿದ್ದರು. ಪುಸ್ತಕದಲ್ಲಿ ಮಾತ್ರ ಅಗಲ ಕುತ್ತಿಗೆಯ ದಿನಗಳಲ್ಲೆಲ್ಲ ‘ಹೆಗಲು’, ‘ಹೆಗಲು’, ‘ಬ್ರಾ ಪಟ್ಟಿ’ ಎಂದೇ ಇತ್ತು; ಚೀನೀ ಕಾಲರಿನ ಒಂದು ಹಳೆಯ ಖಾದಿ ಕುರ್ತಾ ತೊಟ್ಟ ಎರಡು ದಿನ ಆ ಕಲಂ ಖಾಲಿ ಇತ್ತು. ಅವಳ ಶೈಲಿಯನ್ನು ಅವಳಿಗೆ ಹೇಳಿಕೊಟ್ಟದ್ದು ಆ ಖಾಲಿ ಕಲಂ. ಮೂರು ವಾರ ಮುಗಿಯುವ ಹೊತ್ತಿಗೆ ನಿಮಗೂ ನಿಮ್ಮದೇ ಆದ ನಾಲ್ಕೈದು ಮಾತು ಸಿಗುತ್ತವೆ: ಕುತ್ತಿಗೆ ಇಷ್ಟು, ತೋಳು ಮೊಣಕೈಯ ಕೆಳಗೆ ಅಥವಾ ಮೇಲೆ, ಬಟ್ಟೆ ಇಂಥದು, ಉದ್ದ ಇಲ್ಲಿಯವರೆಗೆ. ಅದನ್ನು ಕೊನೆಯ ಪುಟದಲ್ಲಿ ಬರೆದಿಡಿ, ಬಟ್ಟೆಯಂಗಡಿಗೆ ಹೋಗುವಾಗ ಒಯ್ಯಿರಿ.

ನಿಮ್ಮ ಕುರ್ತಾ ಮೇಲೇರುವುದಕ್ಕೆ ನಿಮ್ಮ ತೂಕ ಕಾರಣವಲ್ಲ, ಅದರ ಕಟಿಂಗೇ ಕಾರಣವಿರಬೇಕು. ದಪ್ಪಗಿರುವವರು ಬಂದರೆ ‘ಆರಾಮವಾಗಿರಲಿ’ ಎಂದು ಟೇಲರುಗಳು ಆರ್ಮ್‌ಹೋಲನ್ನು, ಅಂದರೆ ತೋಳು ಸೇರುವ ಕಂಕುಳ ಸುತ್ತನ್ನು, ಕೆಳಕ್ಕೆ ಇಳಿಸಿ ದೊಡ್ಡದು ಮಾಡುತ್ತಾರೆ. ನೋಡಲು ಸಡಿಲ, ಆದರೆ ಕೈಯೆತ್ತಿದ ಕೂಡಲೇ ತೋಳು ಬದಿಯ ಹೊಲಿಗೆಯನ್ನು ಹಿಡಿದೆಳೆದು ಇಡೀ ಕುರ್ತಾವನ್ನು ಮೇಲೆ ಒಯ್ಯುತ್ತದೆ. ಆರ್ಮ್‌ಹೋಲು ಕಂಕುಳಿನ ಹತ್ತಿರಕ್ಕೆ ಬಂದು, ತೋಳಿನ ಮೇಲ್ಭಾಗ ಅಗಲವಾಗಿ, ತೋಳಿನ ತಲೆಯ, ಅಂದರೆ ಹೆಗಲಿಗೆ ಸೇರುವ ಮೇಲಿನ ಕಮಾನಿನ, ಎತ್ತರ ಕಡಿಮೆಯಾದರೆ ಕೈ ಎತ್ತಿದಾಗ ತೋಳು ಮಾತ್ರ ಏಳುತ್ತದೆ, ಕುರ್ತಾ ತನ್ನ ಜಾಗದಲ್ಲಿ ನಿಲ್ಲುತ್ತದೆ. ಕೈಯನ್ನು ಇಳಿಬಿಟ್ಟಾಗ ಕಂಕುಳಲ್ಲಿ ಒಂದೆರಡು ಮಡಿಕೆ ಕಾಣಬಹುದು, ಅದಕ್ಕೆ ಅಂಜಬೇಡಿ. ಬರೆಯುವ ಕೈಗೆ ಬೇಕಾದ ಬಟ್ಟೆ ಅದು. ಹಳೆಯ ಜುಬ್ಬಾಗಳಲ್ಲಿ ಕಂಕುಳಿಗೆ ಚೌಕದ ಸಣ್ಣ ತುಂಡೊಂದನ್ನು ಸೇರಿಸುತ್ತಿದ್ದದ್ದು ಇದೇ ಕಾರಣಕ್ಕೆ. ಎರಡನೆಯ ಸಂಗತಿ ಸೀಟಿನ ಅಗಲ. ಎದೆಗೆ ಸಡಿಲವಾಗಿದ್ದು ಸೀಟಿನಲ್ಲಿ ಹಿಡಿಯುವ ಕುರ್ತಾ ನಡೆಯುವಾಗ ತಾನಾಗಿ ಮೇಲೇರಿ ಸೊಂಟದಲ್ಲಿ ಗುಪ್ಪೆಯಾಗುತ್ತದೆ. ಕುಳಿತ ಅಳತೆಗಿಂತ ಮೂರು ಇಂಚು ಹೆಚ್ಚಿಟ್ಟು, ಬದಿಯ ಸ್ಲಿಟ್ಟನ್ನು ಸೀಟಿನ ಅತಿ ಅಗಲದ ಜಾಗದಿಂದ ಶುರುಮಾಡಿಸಿದರೆ ಆ ತೊಂದರೆ ಹೋಗುತ್ತದೆ. ಹೆಗಲಿನ ಹೊಲಿಗೆ ಹೆಗಲಿನ ಮೂಳೆಯ ಮೇಲೆಯೇ ಕೂರಬೇಕು. ಅದು ತೋಳಿನ ಮೇಲೆ ಇಳಿದುಬಿದ್ದರೆ ಎಷ್ಟು ದುಬಾರಿ ಬಟ್ಟೆಯಾದರೂ ಬೇರೆಯವರದನ್ನು ತೊಟ್ಟಂತೆ ಅನ್ನಿಸುತ್ತದೆ. ದೊಗಳೆ ಬಟ್ಟೆಯ ತೊಂದರೆ ಇದೇ: ಮೈಯನ್ನು ಮುಚ್ಚುತ್ತದೆ, ಆದರೆ ಮುಚ್ಚಬೇಕಾದದ್ದು ಏನೋ ಇದೆ ಎಂದು ದಿನವಿಡೀ ನೆನಪಿಸುತ್ತಲೂ ಇರುತ್ತದೆ.

ಬಟ್ಟೆಯ ಆಯ್ಕೆಯಲ್ಲಿ ಕಣ್ಣಿಗಿಂತ ಕೈಯನ್ನು ನಂಬಿ. ತೆಳ್ಳನೆಯ ರೇಯಾನ್, ಹೊಸೈರಿ ಬಟ್ಟೆಗಳು ಬೆವರಿದ ಮೈಗೆ ಅಂಟುತ್ತವೆ, ಅಂಟಿದಾಗಲೆಲ್ಲ ಕೈ ಹೋಗುತ್ತದೆ. ತುಸು ಮೈಯಿರುವ, ಆದರೆ ಗಂಜಿ ಹಾಕಿದಂತೆ ಸೆಟೆಯದ ಹತ್ತಿ ಬಟ್ಟೆ ಮೈಯಿಂದ ಕೊಂಚ ದೂರ ನಿಂತು ಗಾಳಿಯಾಡಲು ಬಿಡುತ್ತದೆ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡ ಊರಿನವರಾದ ನಿಮಗೆ ಹತ್ತಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಬೇರೇನೂ ತಾಳುವುದಿಲ್ಲ. ಕೈಮಗ್ಗದ ಹತ್ತಿಯಾದರೆ ಹೊಲಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ, ಕುಗ್ಗಿದ್ದು ಬಟ್ಟೆಯೋ ಹಿಗ್ಗಿದ್ದು ನಾನೋ ಎಂಬ ಸಂಕಟ ಮತ್ತೆ ಶುರುವಾಗುತ್ತದೆ.

ಬಣ್ಣದ ವಿಚಾರದಲ್ಲಿ ನಿಮ್ಮ ಸಹೋದ್ಯೋಗಿಗಳ ಮಾತನ್ನು ನಾನು ಒಪ್ಪುವುದಿಲ್ಲ, ಮತ್ತು ಈ ಮಾತನ್ನು ಕೇಳಿದಾಗೆಲ್ಲ ನನಗೆ ನೋವಾಗುತ್ತದೆ. ನಮ್ಮ ನೇಕಾರರು ದಾಳಿಂಬೆ ಕೆಂಪು, ನವಿಲು ಹಸಿರು, ಅರಿಸಿನ ಬಣ್ಣಗಳನ್ನು ನೇಯುತ್ತ ಬಂದದ್ದು ಯಾರ ಮೈಗೆ? ಬಿಸಿಲಿನಲ್ಲಿ ದುಡಿದ ಈ ನಾಡಿನ ಹೆಂಗಸರ ಮೈಗೆ. ಆ ಬಣ್ಣಗಳು ಕಪ್ಪು ಮೈಯ ಪಕ್ಕದಲ್ಲಿಯೇ ಬೆಳೆದವು. ಹೆಗ್ಗೋಡಿನ ಚರಕದಂಥ ಕೈಮಗ್ಗದ ಸಂಸ್ಥೆಗಳಲ್ಲಿ ಅಡಿಕೆ ಚೊಗರಿನಿಂದ ತೆಗೆಯುವ ಕೆಂಗಂದು ಬಣ್ಣವನ್ನು ಒಮ್ಮೆ ಹಗಲು ಬೆಳಕಿನಲ್ಲಿ ನಿಮ್ಮ ಮುಂಗೈಯ ಮೇಲೆ ಹಾಸಿ ನೋಡಿ. ಹಾಗೆಂದು ಕಪ್ಪನ್ನು ಬಿಡಿ ಎಂದೂ ನಾನು ಹೇಳುವುದಿಲ್ಲ. ನಮ್ಮ ಕಡೆ ಮದುವಣಗಿತ್ತಿಗೆ ಕೊಡುತ್ತಿದ್ದ ಚಂದ್ರಕಾಳಿ ಸೀರೆ ಕಪ್ಪೇ. ಅದರ ಮೇಲೆ ಬಣ್ಣದ ಎಳೆಗಳಲ್ಲಿ ಕಸೂತಿಯ ಗೋಪುರ, ತೇರು, ಆನೆಗಳು ಮೂಡುತ್ತಿದ್ದವು, ಉಟ್ಟವಳು ಇಡೀ ಓಣಿಯ ಕಣ್ಣಿಗೆ ಬೀಳಲೆಂದೇ ಉಡುತ್ತಿದ್ದಳು. ಅಡಗಲು ತೊಟ್ಟ ಕಪ್ಪು ಬೇರೆ, ಬೇಕೆಂದು ತೊಟ್ಟ ಕಪ್ಪು ಬೇರೆ. ಎರಡರ ವ್ಯತ್ಯಾಸ ನಿಮ್ಮ ನೋಟ್‌ಬುಕ್ಕಿನಲ್ಲಿ ಕಾಣುತ್ತದೆ. ಅಡ್ಡಗೆರೆ ದಪ್ಪ ತೋರಿಸುತ್ತದೆ ಎಂಬ ಭಯಕ್ಕೂ ಅಷ್ಟು ಬುಡವಿಲ್ಲ. ಅಡ್ಡಗೆರೆ ತುಂಬಿದ ಚೌಕ ಎತ್ತರವಾಗಿಯೂ ಕಿರಿದಾಗಿಯೂ ಕಾಣುತ್ತದೆ ಎಂದು ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದ ಪೀಟರ್ ಥಾಂಪ್ಸನ್ ಹೆಂಗಸರ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿದಾಗಲೂ ಅಡ್ಡಗೆರೆಯ ಉಡುಪು ದಪ್ಪಗೆ ಕಾಣಿಸಲಿಲ್ಲ. ಇದನ್ನು ತಿಳಿಸಿದ್ದು ನೀವು ಸಪೂರ ಕಾಣಲೆಂದು ಅಡ್ಡಗೆರೆ ತೊಡಲಿ ಎಂದಲ್ಲ, ಇಷ್ಟವಾದ ಅಡ್ಡಗೆರೆಯನ್ನು ಹೆದರಿ ಬಿಡದಿರಲಿ ಎಂದು.

‘ಸಣ್ಣಗಾದ ಮೇಲೆ’ ಎಂದು ಇಟ್ಟ ಬಟ್ಟೆಗಳ ಮಾತು. ಬೆಳಿಗ್ಗೆ ಬೀರು ತೆರೆದಾಗಲೆಲ್ಲ ಅವು ನಿಮ್ಮನ್ನು ಗದರಿಸುತ್ತಿರುತ್ತವೆ, ಆದ್ದರಿಂದ ಅವು ಆ ಬೀರುವಿನಲ್ಲಿ ಇರಬಾರದು. ದಾನ ಮಾಡಲು ಮನಸ್ಸು ಬಾರದಿದ್ದರೆ ಒತ್ತಾಯವಿಲ್ಲ, ಟ್ರಂಕಿಗೆ ಹಾಕಿ ಅಟ್ಟದ ಮೇಲಿಡಿ. ಇಡುವ ಮೊದಲು ಒಂದೊಂದರ ಬದಿ ತಿರುಗಿಸಿ ಒಳಗೆ ಬಟ್ಟೆ ಬಿಟ್ಟಿದ್ದಾರೆಯೇ ನೋಡಿ, ಬಿಟ್ಟಿದ್ದರೆ ಬಿಚ್ಚಿಸಿ ಈಗಲೇ ಹಾಕಿಕೊಳ್ಳಿ. ರೇಷ್ಮೆ ಸೀರೆಗಳ ಬ್ಲೌಸುಗಳನ್ನು ಹೊಸ ಅಳತೆಗೆ ಮತ್ತೆ ಹೊಲಿಸಿ, ಹೊಂದುವ ಖಣ ಹಾಕಿದರೂ ಸೊಗಸೇ. ಥೈರಾಯ್ಡ್ ಚಿಕಿತ್ಸೆಯಲ್ಲಿ ತೂಕ ಇಳಿದರೆ ಇಳಿಯಲಿ, ಅದು ನೀವು ಮತ್ತು ನಿಮ್ಮ ವೈದ್ಯರು ನೋಡಿಕೊಳ್ಳುವ ವಿಷಯ. ಅಲ್ಲಿಯವರೆಗೆ ನಿಮ್ಮ ಮದುವೆ ಮುಂಜಿ ಹಬ್ಬಗಳನ್ನು ಮುಂದೂಡಬೇಕಾಗಿಲ್ಲ.

ಬಟ್ಟೆ ಬದಲಾದರೆ ಜನ ಮಾತಾಡಿಯೇ ಆಡುತ್ತಾರೆ. ನನ್ನ ವಿದ್ಯಾರ್ಥಿನಿಯರಿಗೆ ನಾನು ಹೇಳಿಕೊಡುವ ಉತ್ತರ ಸರಳ: ಮಾತು ನೋಟದ ಮೇಲೆ ಬಂದರೆ ಅದನ್ನು ಉಪಯೋಗದ ಮೇಲೆ ತಿರುಗಿಸುವುದು. ‘ಈ ಬಣ್ಣ ನಿಮಗೆ ಜಾಸ್ತಿಯಾಯಿತು ಮೇಡಂ’ ಎಂದರೆ, ‘ಹೌದಾ, ತೋಳು ಮಾತ್ರ ಬಹಳ ಚೆನ್ನಾಗಿ ಕೂತಿದೆ, ಬೋರ್ಡಿಗೆ ಆರಾಮಾಗಿ ಕೈ ಎತ್ತಬಹುದು’ ಎಂದುಬಿಡಿ. ಅಮ್ಮನಿಗೆ ಉತ್ತರ ಕೊಡುವುದಕ್ಕಿಂತ ಅವರನ್ನೇ ಬಟ್ಟೆ ಆರಿಸಲು ಜೊತೆಗೆ ಕರೆದೊಯ್ಯುವುದು ಒಳ್ಳೆಯದು, ಅವರ ಕೈಗೆ ಬಟ್ಟೆಯ ಗುಣ ನಿಮಗಿಂತ ಚೆನ್ನಾಗಿ ತಿಳಿದಿರುತ್ತದೆ. ನಿಮ್ಮದೆಂಬ ಗುರುತೊಂದು ಬಟ್ಟೆಯ ಮೇಲೆ ಇರಲಿ ಎಂಬ ಆಸೆಯಿದ್ದರೆ, ಕಸೂತಿಯ ಗವಂತಿ ಹೊಲಿಗೆಯನ್ನು ಕಲಿಯಿರಿ. ಎಳೆ ಎಣಿಸಿ ಹಾಕುವ, ಎರಡೂ ಬದಿಯಲ್ಲಿ ಒಂದೇ ರೀತಿ ಕಾಣುವ ಆ ಹೊಲಿಗೆಯಲ್ಲಿ ಲೆಕ್ಕವೇ ಎಲ್ಲ. ಗಣಿತದವರಿಗೆ ಅದು ಬೇಗ ಒಲಿಯುತ್ತದೆ ಎಂಬುದನ್ನು ನನ್ನ ತರಗತಿಯಲ್ಲಿಯೇ ಕಂಡಿದ್ದೇನೆ. ತೋಳಿನ ಪಟ್ಟಿಯ ಮೇಲೆ, ಬರೆಯುವಾಗ ನಿಮ್ಮ ಕಣ್ಣಿಗೇ ಬೀಳುವ ಜಾಗದಲ್ಲಿ, ಒಂದು ಸಾಲು ಸಾಕು.

ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಮೈಯ ಯೋಚನೆ ದಿನಕ್ಕೆ ಗಂಟೆಗಟ್ಟಲೆ ಹಿಡಿದಿಡುತ್ತಿದ್ದರೆ, ಅದಕ್ಕಾಗಿ ಊಟ ಬಿಡುವಂತಾಗಿದ್ದರೆ, ನೆಂಟರಿಷ್ಟರ ಮನೆಗೆ ಹೋಗುವುದನ್ನೇ ನಿಲ್ಲಿಸಿದ್ದರೆ, ಅದು ಹೊಲಿಗೆಯಿಂದ ಸರಿಹೋಗುವ ವಿಷಯವಲ್ಲ. ಆಗ ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲಿಯೇ ಆಪ್ತಸಲಹೆಗಾರರೊಂದಿಗೆ ಉಚಿತವಾಗಿ ಮಾತಾಡಬಹುದು.

ಮೂರು ವಾರದ ನಂತರ ಒಂದೇ ಒಂದು ಕುರ್ತಾ ಹೊಲಿಸಿ, ಒಮ್ಮೆಗೇ ಐದು ಬೇಡ. ಟ್ರಯಲ್ಲಿಗೆ ಹೋದಾಗ ಕನ್ನಡಿಗೆ ಬೆನ್ನು ಹಾಕಿ ನಿಂತು, ಬಲಗೈಯನ್ನು ಬೋರ್ಡಿನ ಮೇಲಂಚಿಗೆ ಎತ್ತುವಷ್ಟು ಎತ್ತಿ, ಗೋಡೆಯ ಮೇಲೆ ವರ್ಗಸಮೀಕರಣದ ಸೂತ್ರವನ್ನು ಬೆರಳಿನಿಂದ ಪೂರ್ತಿ ಬರೆಯಿರಿ. ಆಮೇಲೆ ಸ್ಟೂಲಿನ ಮೇಲೆ ಕುಳಿತು ಎದ್ದು ನಾಲ್ಕು ಹೆಜ್ಜೆ ನಡೆಯಿರಿ. ಎಡಗೈ ಎಲ್ಲಿಗೂ ಹೋಗದಿದ್ದರೆ ಅದೇ ಇನ್ನು ಮುಂದೆ ನಿಮ್ಮ ಅಳತೆ ಬಟ್ಟೆ. ಹೋದರೆ ಯಾವ ಜಾಗಕ್ಕೆ ಹೋಯಿತೆಂದು ಟೇಲರಿಗೆ ತೋರಿಸಿ. ಒಮ್ಮೆ ಕತ್ತರಿಸಿದ ಆರ್ಮ್‌ಹೋಲನ್ನು ಮತ್ತೆ ಮೇಲಕ್ಕೆ ತರಲಾಗುವುದಿಲ್ಲವಾದ್ದರಿಂದ ಕಂಕುಳಿಗೆ ಚೌಕದ ತುಂಡು ಕೂಡಿಸಬೇಕಾದೀತು. ಅದಕ್ಕಾಗಿ, ಬಟ್ಟೆ ಕೊಡುವ ದಿನವೇ, ಮಿಕ್ಕ ಚೂರುಗಳನ್ನು ಬಿಸಾಡದೆ ಕಟ್ಟಿಡಲು ಹೇಳಿ ಬನ್ನಿ.